ಮುಳ್ಳು ಎಷ್ಟರಲ್ಲಿದೆ?

ನನ್ನ ಕಾರಿನ ಡ್ಯಾಶ್‌ಬೋರ್ಡಿನಲ್ಲಿ ಒಂದು ಪುಟ್ಟ ಕೆಂಪು ದೀಪ ಇದೆ. ಅಲ್ಲಾವುದ್ದೀನನ ದೀಪದ ಥರದ ಚಿತ್ರ, ಮೂತಿಯಿಂದ ಒಂದು ಹನಿ ಎಣ್ಣೆ ಬೀಳ್ತಾ ಇರುತ್ತೆ. ಅದು ಹತ್ತಿದ್ದನ್ನ ನಾನು ನೋಡಿದ್ದು ಒಂದೇ ಸಲ. ಶಿರಾಡಿ ಘಾಟಿಯಲ್ಲಿ, ಗುಂಡ್ಯ ದಾಟಿ ಸಕಲೇಶಪುರದ ಕಡೆ ಹತ್ತುತ್ತಿರುವಾಗ. ತಿರುವಿನಲ್ಲಿ ಒಮ್ಮೆ ಮಿಣುಕ್ ಅಂತು, ಆರಿತು. ಮುಂದಿನ ತಿರುವಿನಲ್ಲಿ ಮತ್ತೆ ಮಿಣುಕ್. ಕನ್ನಡಿ ನೋಡಿದರೆ ಹಿಂದೆ ಬರ್ತಿದ್ದ ಲಾರಿ ಕಾಣಿಸ್ತಾನೇ ಇಲ್ಲ, ಅಷ್ಟು ನೀಲಿ ಹೊಗೆ. ಪಕ್ಕಕ್ಕೆ ನಿಲ್ಲಿಸಿ ಇಂಜಿನ್ ಆಫ್ ಮಾಡಿದೆ. ಮಳೆ ಬರ್ತಿತ್ತು. ಟೋ ಮಾಡೋ ಗಾಡಿ ಬರೋಕೆ ನಾಲ್ಕು ಗಂಟೆ ಆಯ್ತು.

ತಪ್ಪು ನನ್ನದೇ. ಸೆಕೆಂಡ್ ಹ್ಯಾಂಡ್‌ನಲ್ಲಿ ತಗೊಂಡ ಟರ್ಬೊ ಪೆಟ್ರೋಲ್ ಕಾರು ಅದು. ವರ್ಕ್ ಫ್ರಮ್ ಹೋಮ್ ದಿನಗಳಲ್ಲಿ 'ಓಡ್ಸೋದೇ ಇಲ್ವಲ್ಲ' ಅಂತ ಆಯಿಲ್ ಬದಲಾಯಿಸೋದನ್ನ ಮುಂದಕ್ಕೆ ಹಾಕಿದೆ. ಆಮೇಲೆ ಓಡಿಸೋಕೆ ಶುರು ಮಾಡಿದಾಗ ಹಾಕಿದ್ದು ನೆನಪೇ ಇರಲಿಲ್ಲ. ಒಂದು ವಾರದಿಂದ ಬಾನೆಟ್ ಒಳಗಿಂದ ದೂರದ ಆಂಬುಲೆನ್ಸಿನ ಹಾಗೆ ಕುಯ್ಯ್ ಅನ್ನೋ ಸದ್ದು ಬರ್ತಿತ್ತಂತೆ. ಬರ್ತಿತ್ತಂತೆ ಯಾಕೆಂದರೆ ನನಗೆ ಕೇಳಿಸಿರಲಿಲ್ಲ, ಕಿವಿ ತುಂಬ ಪಾಡ್‌ಕಾಸ್ಟ್. ಹೇಳಿದ್ದು ನಮ್ಮ ಅಪಾರ್ಟ್‌ಮೆಂಟಿನ ಸೆಕ್ಯುರಿಟಿಯವರು, ಅದೂ ಎಲ್ಲ ಮುಗಿದ ಮೇಲೆ.

ಟರ್ಬೊ ಅನ್ನೋದು ನೋಡೋಕೆ ಒಂದು ಬಸವನಹುಳು. ಇಂಜಿನ್ನಿಂದ ಹೊರಗೆ ಹೋಗೋ ಬಿಸಿ ಹೊಗೆ ಒಂದು ಪುಟ್ಟ ಚಕ್ರವನ್ನ ತಿರುಗಿಸುತ್ತೆ, ಅದೇ ಕಡ್ಡಿಯ ಇನ್ನೊಂದು ತುದಿಯಲ್ಲಿರೋ ಚಕ್ರ ಗಾಳಿಯನ್ನ ಒತ್ತಿ ಇಂಜಿನ್ನಿಗೆ ತುರುಕುತ್ತೆ. ಹೆಚ್ಚು ಗಾಳಿ, ಹೆಚ್ಚು ಪೆಟ್ರೋಲು, ಹೆಚ್ಚು ತಾಕತ್ತು. ಆಲ್ಫ್ರೆಡ್ ಬ್ಯೂಕಿ ಅನ್ನೋ ಸ್ವಿಸ್ ಇಂಜಿನಿಯರ್ 1905ರಲ್ಲಿ ಪೇಟೆಂಟ್ ತಗೊಂಡ ಐಡಿಯಾ ಇದು. ಹೊರಗೆ ಬಿಸಾಕೋದರಿಂದಲೇ ಕೆಲಸ ತೆಗೆಯೋದು, ಅಮ್ಮ ರಾತ್ರಿ ಉಳಿದ ಅನ್ನದಲ್ಲಿ ಬೆಳಗ್ಗೆ ಚಿತ್ರಾನ್ನ ಮಾಡಿದ ಹಾಗೆ. ಆದರೆ ಈ ಕಡ್ಡಿ ನಿಮಿಷಕ್ಕೆ ಲಕ್ಷಕ್ಕೂ ಮೀರಿ ಸುತ್ತು ಹೊಡೆಯುತ್ತೆ. ಅಷ್ಟು ವೇಗದಲ್ಲಿ ಲೋಹಕ್ಕೆ ಲೋಹ ತಾಗದ ಹಾಗೆ ಅದನ್ನ ತೇಲಿಸಿ ಹಿಡಿಯೋದು ಕೂದಲೆಳೆಗಿಂತ ತೆಳ್ಳಗಿನ ಎಣ್ಣೆಯ ಪದರ. ಕೆಲವು ಸೆಕೆಂಡು ಎಣ್ಣೆ ಹೋಗದಿದ್ದರೂ ಸಾಕು, ಕಥೆ ಶುರುವಾಗುತ್ತೆ. ನನ್ನ ಕಾರಿನಲ್ಲಿ ಹಳೇ ಎಣ್ಣೆ ಕೆಸರಾಗಿ, ಟರ್ಬೊಗೆ ಹೋಗೋ ತೆಳ್ಳಗಿನ ಪೈಪಿನಲ್ಲಿ ಕೂತಿತ್ತು. ಬೇರಿಂಗ್ ಹೋಯ್ತು, ಸೀಲ್ ಹೋಯ್ತು, ಎಣ್ಣೆಯೆಲ್ಲ ಸೈಲೆನ್ಸರಿನಿಂದ ಹೊಗೆಯಾಗಿ ಹೋಯ್ತು.

ಹೊಸ ಟರ್ಬೊ, ಹೊಸ ಪೈಪು, ಕೂಲಿ ಎಲ್ಲ ಸೇರಿ 68 ಸಾವಿರ. ಬಿಲ್ ಕೊಡುವಾಗ ನಮ್ಮ ಮೆಕ್ಯಾನಿಕ್ ಭಾಯ್ ಒಂದು ಮಾತು ಹೇಳಿದ. "ಸಾರ್, ಚೇಂಬರ್ ಇಳ್ಸಿ ಸ್ಟ್ರೈನರ್ ಒಂದ್ ಸಲಿ ನೋಡ್ಬಿಡಣ. ಇನ್ನೊಂದ್ ದಿನದ್ ಕೆಲ್ಸ, ನಾಕೈದ್ ಸಾವ್ರ." ಚೇಂಬರ್ ಅಂದರೆ ಇಂಜಿನ್ ತಳದಲ್ಲಿ ಆಯಿಲ್ ನಿಲ್ಲೋ ಬೋಗುಣಿ. 68 ಸಾವಿರ ಕೊಟ್ಟು ಕೈ ನಡುಗ್ತಿದ್ದ ಮನುಷ್ಯ ನಾನು. "ಮುಂದಿನ ಸರ್ವೀಸಲ್ಲಿ ನೋಡೋಣ ಬಿಡಿ" ಅಂದೆ. ಈ ವಾಕ್ಯ ನೆನಪಿಟ್ಟುಕೊಳ್ಳಿ.

ಇದಾದ ಮೇಲೆ ನನಗೆ ಆ ಕೆಂಪು ದೀಪದ ಮೇಲೆ ನಂಬಿಕೆ ಹೋಯ್ತು. ಓದುತ್ತಾ ಹೋದರೆ ಸಿಟ್ಟೇ ಬಂತು. ಬಹುಪಾಲು ಕಾರುಗಳಲ್ಲಿ ಆಯಿಲ್ ಪ್ರೆಶರ್ ಅಳೆಯೋ ಸೆನ್ಸರ್ ಇರೋದೇ ಇಲ್ಲ, ಇರೋದು ಒಂದು ಸ್ವಿಚ್ಚು ಅಷ್ಟೆ. ಪ್ರೆಶರ್ ಅರ್ಧ ಬಾರ್‌ಗಿಂತ ಕೆಳಗೆ, ಕೆಲವದರಲ್ಲಿ ಅದಕ್ಕೂ ಕೆಳಗೆ, ಬಿದ್ದಾಗ ಮಾತ್ರ ದೀಪ ಹತ್ತುತ್ತೆ. ಹೈವೇಯಲ್ಲಿ ಮೂರು ಬಾರ್ ಇರಬೇಕಾದದ್ದು ಒಂದಕ್ಕೆ ಇಳಿದರೂ ದೀಪ ತೆಪ್ಪಗಿರುತ್ತೆ. ಇಂಗ್ಲಿಷಿನವರು ಇದನ್ನ 'ಈಡಿಯಟ್ ಲೈಟ್' ಅಂತಾರೆ. ಈಡಿಯಟ್ ಯಾರು, ದೀಪವೋ ನೋಡೋನೋ ಅಂತ ಅವರು ಬಿಡಿಸಿ ಹೇಳಿಲ್ಲ. ಇನ್ನು ಕೂಲಂಟ್ ಟೆಂಪರೇಚರ್ ಮುಳ್ಳು. ಅದು ಯಾವಾಗಲೂ ಮಧ್ಯದಲ್ಲಿ ನಿಂತಿರುತ್ತಲ್ಲ, ಬೇಕಂತಲೇ ಹಾಗೆ ಮಾಡಿರ್ತಾರೆ. ಎಷ್ಟೋ ಕಾರುಗಳಲ್ಲಿ ನೀರು 80 ಡಿಗ್ರಿ ಇದ್ದರೂ 100 ಇದ್ದರೂ ಮುಳ್ಳು 90ರಲ್ಲೇ. ಗಿರಾಕಿಗೆ ಗಾಬರಿ ಆಗಬಾರದು ಅಂತ.

ಸರಿ, ಗೇಜ್ ಹಾಕಿಸೋದು ಅಂತ ತೀರ್ಮಾನ ಮಾಡಿದೆ. ಎಷ್ಟು, ಯಾವುದು?

ಇಲ್ಲಿ ನನ್ನ ಕಸುಬಿನ ಬಗ್ಗೆ ಎರಡು ಮಾತು. ನಾನು ಒಂದು ಕಂಪನಿಯ ಸರ್ವರುಗಳು ಮಲಗದ ಹಾಗೆ ನೋಡಿಕೊಳ್ಳೋ ಟೀಮಿನಲ್ಲಿದ್ದೀನಿ. ತಿಂಗಳಿಗೆ ಒಂದು ವಾರ ಆನ್‌ಕಾಲ್. ನಮ್ಮಲ್ಲಿ ಗ್ರಾಫಾನಾ ಡ್ಯಾಶ್‌ಬೋರ್ಡುಗಳು ಎಷ್ಟಿವೆ ಅಂತ ನಮಗೇ ಗೊತ್ತಿಲ್ಲ. ಸೇರಿದ ಹೊಸದರಲ್ಲಿ ಎಲ್ಲದಕ್ಕೂ ಅಲರ್ಟ್ ಇಟ್ಟಿದ್ದೆ. ರಾತ್ರಿ ಮೂರಕ್ಕೆ ಫೋನು, ಡಿಸ್ಕ್ 80 ಪರ್ಸೆಂಟ್ ಆಗಿದೆ ಅಂತ. ಎದ್ದು ನೋಡಿ ಮಲಗೋದು. ತಿಂಗಳಲ್ಲಿ ಏನಾಯ್ತಂದರೆ, ಫೋನ್ ಬಡಕೊಂಡರೂ ನಿದ್ದೆಗಣ್ಣಲ್ಲೇ ಓಕೆ ಒತ್ತಿ ಮಗ್ಗುಲು ಬದಲಾಯಿಸೋಕೆ ಕೈ ಕಲಿತುಬಿಡ್ತು. ಹಾಗೆ ಓಕೆ ಒತ್ತಿದ ಒಂದು ರಾತ್ರಿ ನಿಜವಾಗಿಯೂ ಬೆಂಕಿ ಬಿದ್ದಿತ್ತು. ಅದರ ಮೇಲೆ ನಮ್ಮ ಲೀಡ್ ಒಂದು ನಿಯಮ ತಂದಳು. ಯಾವ ಅಲರ್ಟ್ ಬಂದರೆ ನೀನು ಏನು ಮಾಡ್ತೀಯ ಅಂತ ಒಂದು ಸಾಲು ಬರೆಯೋಕೆ ಆಗಲ್ವೋ, ಆ ಅಲರ್ಟ್ ಇರಕೂಡದು.

ಅದೇ ನಿಯಮವನ್ನ ಕಾರಿಗೆ ಹಚ್ಚಿದೆ. ಟರ್ಬೊ ಕಾರಿಗೆ ಜನ ಹಾಕಿಸೋದು ಬೂಸ್ಟ್, ಆಯಿಲ್ ಪ್ರೆಶರ್, ಆಯಿಲ್ ಟೆಂಪರೇಚರ್, ಕೂಲಂಟ್, ಹೊಗೆಯ ಬಿಸಿ ಅಳೆಯೋ ಇಜಿಟಿ, ಗಾಳಿ-ಪೆಟ್ರೋಲಿನ ಅನುಪಾತ ತೋರಿಸೋ ಎಎಫ್ಆರ್. ಕೊನೆಯ ಎರಡು ಮೊದಲು ಹೋದವು. ಇಂಜಿನ್ನಿನ ಕಂಪ್ಯೂಟರಿಗೆ ಬೇರೆ ಸಾಫ್ಟ್‌ವೇರ್ ಹಾಕಿ ತಾಕತ್ತು ಏರಿಸಿಕೊಂಡವರಿಗೆ ಅವು ಬೇಕೇ ಬೇಕು. ಪೆಟ್ರೋಲ್ ಕಮ್ಮಿಯಾಗಿ ಗಾಳಿ ಜಾಸ್ತಿಯಾದರೆ ಪಿಸ್ಟನ್ ಕರಗುತ್ತೆ. ನನ್ನದು ಕಂಪನಿ ಬಿಟ್ಟ ಹಾಗೇ ಇರೋ ಗಾಡಿ. ಎಎಫ್ಆರ್ 13 ತೋರಿಸಿದರೆ ನಾನೇನು ಮಾಡಲಿ, ನಮಸ್ಕಾರ ಮಾಡಲಾ?

ಬೂಸ್ಟ್ ವಿಷಯಕ್ಕೆ ಮನಸ್ಸು ತುಂಬಾ ಎಳೆದಾಡಿತು. ಟರ್ಬೊ ಅಂದ ಮೇಲೆ ಬೂಸ್ಟ್ ಗೇಜೇ ಒಡವೆ. ಸ್ವೀಡನ್ನಿನ ಸಾಬ್ ಕಂಪನಿ ಎಪ್ಪತ್ತರ ದಶಕದ ಕೊನೆಯಲ್ಲೇ ತನ್ನ ಟರ್ಬೊ ಕಾರಿನ ಡ್ಯಾಶ್‌ಬೋರ್ಡಿಗೆ ಅದನ್ನ ಹಾಕಿ ಕೊಡ್ತಿತ್ತು. ಆಕ್ಸಿಲರೇಟರ್ ಒತ್ತಿದರೆ ಮುಳ್ಳು ಜುಂ ಅಂತ ಏರೋದನ್ನ ನೋಡೋ ಖುಷಿಯೇ ಬೇರೆ. ಆದರೆ ಬೂಸ್ಟ್ ಎಷ್ಟಿದೆ ಅನ್ನೋದು ಇಂಜಿನ್ನಿನ ಕಂಪ್ಯೂಟರಿಗೆ ಮೊದಲೇ ಗೊತ್ತು, ಅದಕ್ಕೆ ಸೆನ್ಸರ್ ಇದೆ. ಕೂಲಂಟಿನ ಬಿಸಿಯೂ ಅಷ್ಟೆ. ಸ್ಟೀರಿಂಗ್ ಕೆಳಗಿರೋ ಓಬಿಡಿ ಪೋರ್ಟಿಗೆ ಸಾವಿರ ರೂಪಾಯಿಯ ಡಾಂಗಲ್ ಚುಚ್ಚಿದರೆ ಎರಡೂ ಫೋನಿನಲ್ಲೇ ಕಾಣುತ್ತೆ. ದುಡ್ಡು ಕೊಟ್ಟು ಗೇಜ್ ಹಾಕಬೇಕಾದದ್ದು ಕಾರಿಗೇ ಗೊತ್ತಿಲ್ಲದ ವಿಷಯಕ್ಕೆ.

ಆ ಡಾಂಗಲ್ ಒಂದು ತಮಾಷೆ ಮಾಡಿತು. ಪಾರ್ಕಿಂಗಿನಲ್ಲಿ ಇಂಜಿನ್ ಆಫ್ ಇದ್ದಾಗ ಬೂಸ್ಟ್ ಸೊನ್ನೆ ಇರಬೇಕಲ್ಲ, ಆ್ಯಪ್ ಮೈನಸ್ 0.1 ಬಾರ್ ತೋರಿಸ್ತಿತ್ತು. ಸೆನ್ಸರ್ ಹೋಗಿದೆ ಅಂತ ಎರಡು ದಿನ ತಲೆ ಕೆಡಿಸಿಕೊಂಡೆ. ಸೆನ್ಸರ್ ಸರಿಯಾಗೇ ಇತ್ತು. ಅದು ಅಳೆಯೋದು ಗಾಳಿಯ ಒಟ್ಟು ಒತ್ತಡವನ್ನ, ಆ್ಯಪ್ ಅದರಿಂದ ಸಮುದ್ರಮಟ್ಟದ 1.01 ಬಾರ್ ಕಳೆದು ತೋರಿಸ್ತಿತ್ತು. ನಮ್ಮ ಬೆಂಗಳೂರು ಇರೋದು ಸಮುದ್ರಮಟ್ಟದಿಂದ 900 ಮೀಟರಿಗೂ ಮೇಲೆ, ಇಲ್ಲಿ ಗಾಳಿಯ ಒತ್ತಡವೇ 0.91ರ ಆಸುಪಾಸು. ಮಂಗಳೂರಿಗೆ ಹೋದಾಗ ಪಣಂಬೂರು ಬೀಚಿನ ಹತ್ತಿರ ನಿಲ್ಲಿಸಿ ನೋಡಿದೆ, ಸರಿಯಾಗಿ ಸೊನ್ನೆ! ಹೆಂಡತಿಗೆ ತೋರಿಸಿದೆ. "ಸಮುದ್ರ ನೋಡೋಕ್ ಬಂದು ಫೋನ್ ನೋಡ್ತಿದೀಯಲ್ಲ ಮಾರಾಯ" ಅಂದಳು.

ಉಳಿದದ್ದು ಎರಡು, ಆಯಿಲ್ ಪ್ರೆಶರ್ ಮತ್ತು ಆಯಿಲ್ ಟೆಂಪರೇಚರ್. ಎರಡಕ್ಕೂ 'ಏನು ಮಾಡ್ತೀಯ' ಸಾಲು ಇದೆ. ಪ್ರೆಶರ್ ಬಿದ್ದರೆ ಆ ಕ್ಷಣ ನಿಲ್ಲಿಸು, ಇಂಜಿನ್ ಆರಿಸು. ಟೆಂಪರೇಚರ್ 80 ದಾಟೋವರೆಗೆ ಜೋರಾಗಿ ತುಳಿಯಬೇಡ, 120 ದಾಟಿದರೆ ಕಾಲು ಸಡಿಲಿಸು, ಘಾಟಿ ಹತ್ತಿ ನಿಂತ ಕೂಡಲೇ ಆಫ್ ಮಾಡಬೇಡ, ಸ್ವಲ್ಪ ಹೊತ್ತು ಸುಮ್ಮನೆ ಓಡೋಕೆ ಬಿಡು. ನೀರು ಐದು ನಿಮಿಷದಲ್ಲಿ ಕಾಯುತ್ತೆ, ಎಣ್ಣೆ ಕಾಯೋಕೆ ಅದರ ಎರಡು ಮೂರು ಪಟ್ಟು ಹೊತ್ತು ಬೇಕು. ನಾವೆಲ್ಲ ನೀರಿನ ಮುಳ್ಳು ನೋಡಿ, ಗಾಡಿ ಬಿಸಿಯಾಯ್ತು ಅಂದುಕೊಂಡು ನೈಸ್ ರೋಡ್ ಹತ್ತಿ ತುಳೀತೀವಿ.

ಜೆ.ಸಿ. ರಸ್ತೆಗೆ ಎರಡು ಶನಿವಾರ ಹೋದೆ. ಮೊದಲನೇ ಅಂಗಡಿಯವನು ಜಪಾನಿನ ಡೆಫಿ ಅಂತ ಹೇಳಿ ಒಂದು ಡಬ್ಬಿ ಕೊಟ್ಟ, ಡಬ್ಬಿಯ ಮೇಲೆ ಸ್ಪೆಲ್ಲಿಂಗೇ ತಪ್ಪು. ಬಿಟ್ಟು ಬಂದೆ. ಮೆಕ್ಯಾನಿಕಲ್ ಗೇಜ್ ನಂಬಿಕಸ್ಥ, ಅಗ್ಗ. ಬಾಗಿದ ಹಿತ್ತಾಳೆ ಕೊಳವೆಯೊಂದು ಒತ್ತಡ ಬಿದ್ದಾಗ ನೆಟ್ಟಗಾಗೋಕೆ ನೋಡುತ್ತೆ, ಮುಳ್ಳು ತಿರುಗುತ್ತೆ, ಅಷ್ಟೆ. ಬೂರ್ದೋನ್ ಅನ್ನೋ ಫ್ರೆಂಚ್‌ನವನು 1849ರಲ್ಲಿ ಕಂಡುಹಿಡಿದದ್ದು. ಆದರೆ ಕಾಯ್ದ ಎಣ್ಣೆಯ ಪೈಪು ಕಾರಿನೊಳಗೆ ನನ್ನ ಮೊಣಕಾಲ ಹತ್ತಿರ ಬರಬೇಕು. ಬೇಡ. ಎಲೆಕ್ಟ್ರಿಕ್ ಇರಲಿ ಅಂದುಕೊಂಡು 52 ಮಿಲಿಮೀಟರಿನ ಎರಡು ತಗೊಂಡೆ, ಸೆಂಡರ್ ಸಮೇತ 14 ಸಾವಿರ. ಕೂರಿಸೋ ಜಾಗ ಮುಂಗಾಜಿನ ಪಕ್ಕದ ಕಂಬ. ನಿಮ್ಮ ಕಾರಿನಲ್ಲಿ ಆ ಕಂಬದಲ್ಲಿ ಕರ್ಟನ್ ಏರ್‌ಬ್ಯಾಗ್ ಇದ್ದರೆ ದಯವಿಟ್ಟು ಅಲ್ಲಿ ಏನನ್ನೂ ಕೂರಿಸಬೇಡಿ, ಅಪಘಾತದಲ್ಲಿ ಗೇಜು ಗುಂಡಿನ ಹಾಗೆ ಮುಖಕ್ಕೆ ಬರುತ್ತೆ. ನನ್ನದು ಹಳೇ ಕಾರು, ಅಲ್ಲಿ ಏನೂ ಇಲ್ಲ.

ಸೆಂಡರನ್ನ ಇಂಜಿನ್ನಿಗೆ ತಿರುಗಿಸುವಾಗ ತಕರಾರು ಬಂತು. ಸೆಂಡರಿನ ಮರೆ ಅಮೆರಿಕದ ಲೆಕ್ಕದ್ದು, ಇಂಚಿಗೆ 27. ಭಾಯ್ ತಂದಿದ್ದ ಅಡಾಪ್ಟರ್ ಬ್ರಿಟಿಷ್ ಲೆಕ್ಕದ್ದು, ಇಂಚಿಗೆ 28. ಎರಡು ಸುತ್ತು ಹೋಗಿ ಬಿಗಿಯಾಗುತ್ತೆ, ಆದರೆ ಸೋರುತ್ತೆ. ಬೇರೆ ಅಡಾಪ್ಟರ್ ತರೋಕೆ ಸೋಮವಾರದವರೆಗೆ ಕಾಯಬೇಕು. "ಟೆಫ್ಲಾನ್ ಟೇಪ್ ಹಾಕ್ಬಿಡಿ ಭಾಯ್" ಅಂದೆ. ಹಾಕಿದ, ನಲ್ಲಿಗೆ ಸುತ್ತೋ ಹಾಗೆ ಏಳೆಂಟು ಸುತ್ತು. ಸೋರೋದು ನಿಂತಿತು.

ಆಹಾ, ಆಮೇಲಿನ ಎರಡು ತಿಂಗಳು! ಕೀ ತಿರುಗಿಸಿದರೆ ಎರಡೂ ಮುಳ್ಳು ಒಟ್ಟಿಗೆ ಈ ತುದಿಯಿಂದ ಆ ತುದಿಗೆ ಹೋಗಿ ಬರ್ತಿದ್ದವು, ಮಂಗಳಾರತಿ ಎತ್ತಿದ ಹಾಗೆ. ಮುಳ್ಳು ಇನ್ನೂ ವಾಪಸ್ ಬರ್ತಿರುವಾಗಲೇ ಸ್ಟಾರ್ಟ್ ಮಾಡ್ತಿದ್ದೆ. ಬಿಸಿ ಇಂಜಿನ್ನಿನಲ್ಲಿ, ಸಿಗ್ನಲ್ಲಿನಲ್ಲಿ ನಿಂತಾಗ, 1.7 ಬಾರ್. ಒಂದರ ಮೇಲಿದ್ದರೆ ಆರೋಗ್ಯ ಅಂತ ಓದಿದ್ದೆ, ನನ್ನದು 1.7. ಪರೀಕ್ಷೆಯಲ್ಲಿ ಮಗ ಫಸ್ಟ್ ಕ್ಲಾಸ್ ಬಂದ ಹಾಗೆ ಹೇಳಿಕೊಂಡು ತಿರುಗಿದೆ. ಮುಂದಿನ ಸರ್ವೀಸಿನಲ್ಲೂ ಸ್ಟ್ರೈನರ್ ಮಾತು ಬಂತು. "ಪ್ರೆಶರ್ ಚೆನ್ನಾಗಿದೆಯಲ್ಲ ಭಾಯ್, ಯಾಕೆ?"

ಆಗ ಅಪ್ಪ ಊರಿಂದ ಬಂದರು. ಅಪ್ಪ ಮೂವತ್ತೊಂದು ವರ್ಷ ಕೆಎಸ್ಆರ್‌ಟಿಸಿ ಡ್ರೈವರ್ ಆಗಿದ್ದವರು, ಅದರಲ್ಲಿ ಹೆಚ್ಚು ಕಾಲ ಹಾಸನ-ಧರ್ಮಸ್ಥಳ. ಆಗಿನ ಬಸ್ಸುಗಳಲ್ಲಿ ಇಂಜಿನ್ ಇರ್ತಿದ್ದದ್ದು ಡ್ರೈವರಿನ ಎಡಕ್ಕೆ, ತೊಡೆಗೆ ತಾಗೋ ಹಾಗೆ. ಅದಕ್ಕೇ ಅವರ ಎಡಗಿವಿ ಅಷ್ಟಕ್ಕಷ್ಟೆ. ಯಾರಾದರೂ ಮಾತಾಡಿದರೆ ಮುಖ ತಿರುಗಿಸಿ ಬಲಗಿವಿ ಕೊಡ್ತಾರೆ. ಟರ್ಬೊ ಹೋದ ವಿಷಯ ನಾನು ಅವರಿಗೆ ಹೇಳಿರಲಿಲ್ಲ. ಘಾಟಿಯಲ್ಲಿ ಮೂವತ್ತು ವರ್ಷ ಗಾಡಿ ನಿಲ್ಲಿಸದವರಿಗೆ, ಆಯಿಲ್ ಹಾಕಿಸೋದು ಮರೆತೆ ಅಂತ ಹೇಗೆ ಹೇಳೋದು?

ಜಯದೇವಕ್ಕೆ ಚೆಕಪ್‌ಗೆ ಹೊರಟಿದ್ವಿ. ಪಾರ್ಕಿಂಗಿನಲ್ಲಿ ಅಪ್ಪ ಕೂತು ಕಂಬ ನೋಡಿದರು. "ಏನ್ ಮಗ ಇವು?"

ಹೇಳಿದೆ. ಉತ್ಸಾಹದಲ್ಲಿ ಸ್ವಲ್ಪ ಜಾಸ್ತಿಯೇ ಹೇಳಿದೆ. ಅವರು "ಹೂಂ, ನಮಗೂ ಏರ್ ಗೇಜ್ ಇತ್ತು" ಅಂದರು. ಬೆಳಗ್ಗೆ ಡಿಪೋದಲ್ಲಿ ಗಾಡಿ ಸ್ಟಾರ್ಟ್ ಮಾಡಿ ಬ್ರೇಕಿಗೆ ಗಾಳಿ ತುಂಬೋವರೆಗೆ ಕಾಯಬೇಕು. ಘಾಟಿ ಇಳಿಯುವಾಗ ಬ್ರೇಕನ್ನ ಪದೇ ಪದೇ ಒತ್ತಿದರೆ ಗಾಳಿ ಇಳಿಯುತ್ತೆ, ಅದಕ್ಕೇ ಒಂದು ಕಣ್ಣು ರಸ್ತೆ ಮೇಲೆ, ಇನ್ನೊಂದು ಆ ಮುಳ್ಳಿನ ಮೇಲೆ. ನಾನು ಕೀಗೆ ಕೈ ಹಾಕಿದೆ. ಮುಳ್ಳುಗಳು ಮಂಗಳಾರತಿ ಶುರು ಮಾಡಿದವು.

"ತಡಿ. ಸ್ಟಾರ್ಟ್ ಮಾಡ್ಬೇಡ."

ನಿಲ್ಲಿಸಿದೆ. ಮುಳ್ಳುಗಳು ಹೋಗಿ ವಾಪಸ್ ಬಂದು ನಿಂತವು. ಟೆಂಪರೇಚರ್ ತಳದಲ್ಲಿ. ಪ್ರೆಶರ್ ಒಂದರ ಸ್ವಲ್ಪ ಮೇಲೆ.

ಅಪ್ಪ ಬೆರಳಿನ ಗೆಣ್ಣಿನಿಂದ ಗಾಜನ್ನ ಟಕ್ ಟಕ್ ಅಂತ ಎರಡು ಸಲ ಬಡಿದರು. ಮುಳ್ಳು ಅಲ್ಲಾಡಲಿಲ್ಲ. "ಇಂಜಿನ್ ಆಫ್ ಇದೆಯಲ್ಲ. ಇದ್ಯಾಕೆ ಎದ್ದು ನಿಂತಿದೆ?"

ಬೂಸ್ಟಿನ ಮೈನಸ್ 0.1 ಕಂಡು ಎರಡು ದಿನ ತಲೆ ಕೆಡಿಸಿಕೊಂಡವನು ನಾನು. ಇದು ಸೊನ್ನೆಗೆ ಬರುತ್ತಾ ಅಂತ ಒಂದು ದಿನವೂ ನೋಡಿರಲಿಲ್ಲ. ಚೆನ್ನಾಗಿದ್ದ ನಂಬರ್ ಅಲ್ವಾ.

ಆಸ್ಪತ್ರೆಗೆ ಹೋಗಿ ಬಂದ ಮೇಲೆ, ಇಂಜಿನ್ ಪೂರ್ತಿ ಕಾದಿದ್ದಾಗ, ಅಪ್ಪ ಬಾನೆಟ್ ಎತ್ತಿಸಿ ಬಲಗಿವಿ ಹತ್ತಿರ ಇಟ್ಟರು. "ಟಪ್ಪೆಟ್ ಬಡೀತಿದೆ" ಅಂದರು. ನನಗೆ ಮೊದಲು ಕೇಳಿಸಲಿಲ್ಲ. ಆಮೇಲೆ ಕೇಳಿಸಿತು, ಹೊಲಿಗೆ ಮಿಷನ್ ದೂರದಲ್ಲಿ ನಡೀತಿರೋ ಹಾಗೆ. ಕೇಳಿಸಿದ ಮೇಲೆ ಬೇರೆ ಏನೂ ಕೇಳಿಸಲಿಲ್ಲ.

ಅವತ್ತು ಸಂಜೆಯೇ ಭಾಯ್ ಹತ್ತಿರ. ಅವನು ತನ್ನ ಹಳೇ ಮೆಕ್ಯಾನಿಕಲ್ ಗೇಜ್ ತಂದು ನೇರ ಇಂಜಿನ್ನಿಗೆ ಹಚ್ಚಿದ. ಐಡಲ್‌ನಲ್ಲಿ 0.6. ನನ್ನ ಗೇಜಿನಲ್ಲಿ 1.7. ಕೆಂಪು ದೀಪ ಆರಾಮಾಗಿ ಆರಿಕೊಂಡೇ ಇತ್ತು, ಅದರ ಲೆಕ್ಕದಲ್ಲಿ ಇನ್ನೂ ಏನೂ ಆಗಿಲ್ಲ.

ಕಾರಣ ಟೆಫ್ಲಾನ್ ಟೇಪು. ಈ ಸೆಂಡರುಗಳಿಗೆ ಒಂದೇ ವೈರು, ಅರ್ಥಿಂಗ್ ಸಿಗೋದು ಮರೆಯ ಮೂಲಕ, ಇಂಜಿನ್ನಿನ ಮೈಯಿಂದ. ಟೇಪ್ ಸುತ್ತಿದ್ದರಿಂದ ಮರೆ ಸರಿಯಾಗಿ ತಾಗ್ತಿರಲಿಲ್ಲ. ನನ್ನ ಗೇಜಿನ ಲೆಕ್ಕದಲ್ಲಿ ಒತ್ತಡ ಹೆಚ್ಚಾದಷ್ಟೂ ಸೆಂಡರಿನ ಓಮ್ಸ್ ಹೆಚ್ಚು. ಸೊನ್ನೆಗೆ 10, ಐದು ಬಾರ್‌ಗೆ 180ರ ಹತ್ತಿರ. ಕೆಟ್ಟ ಅರ್ಥಿಂಗ್ ಸುಮಾರು 40 ಓಮ್ಸ್ ಸೇರಿಸಿದ್ದಕ್ಕೆ ಗೇಜು ಒಂದು ಬಾರ್‌ಗೂ ಮೀರಿ ಪುಕ್ಕಟೆ ಕೊಟ್ಟಿತ್ತು. ಒತ್ತಡ ಹೆಚ್ಚಿದಂತೆ ಓಮ್ಸ್ ಇಳಿಯೋ ಬಗೆಯ ಸೆಂಡರುಗಳೂ ಇವೆ. ಅದಾಗಿದ್ದರೆ ಮುಳ್ಳು ಕೆಳಗೆ ತೋರಿಸಿ ನನ್ನನ್ನ ಮೊದಲ ದಿನವೇ ಹೆದರಿಸ್ತಿತ್ತು.

ಮಾರನೇ ದಿನ ಚೇಂಬರ್ ಇಳಿಸಿದರು. ಸ್ಟ್ರೈನರಿನ ಜಾಲರಿ ಮುಕ್ಕಾಲು ಭಾಗ ಮುಚ್ಚಿತ್ತು, ಕಾಫಿ ಫಿಲ್ಟರಿನ ತಳದಲ್ಲಿ ಉಳಿದ ಚರಟದ ಹಾಗೆ ಕಪ್ಪು ಕೆಸರು. ಭಾಯ್ ಏನೂ ಹೇಳಲಿಲ್ಲ, ಅದನ್ನ ನನ್ನ ಅಂಗೈ ಮೇಲಿಟ್ಟ. ಬೇರಿಂಗುಗಳನ್ನ ಒಂದೊಂದಾಗಿ ಬಿಚ್ಚಿ ನೋಡಿದ. ಒಂದರಲ್ಲಿ ಸಣ್ಣ ಗೀರು, ಉಳಿದವು ಚೆನ್ನಾಗಿದ್ದವು. ಇನ್ನೊಂದು ಘಾಟಿ ಹತ್ತಿಸಿದ್ದರೆ ಇಂಜಿನ್ನೇ ಹೋಗ್ತಿತ್ತು ಸಾರ್ ಅಂದ. ಅಪ್ಪನನ್ನ ಕೂರಿಸಿಕೊಂಡು ಆ ವಾರದ ಕೊನೆಗೆ ಧರ್ಮಸ್ಥಳಕ್ಕೆ ಹೋಗೋಣ ಅಂತ ನಾನೇ ಪ್ಲಾನ್ ಮಾಡಿದ್ದೆ. ಬಿಲ್ಲು 5,200 ರೂಪಾಯಿ. ಅಪ್ಪನಿಗೆ ಟರ್ಬೊ ಕಥೆಯನ್ನೂ ಅವತ್ತೇ ಹೇಳಿದೆ. ಪೂರ್ತಿ ಕೇಳಿಸಿಕೊಂಡು "ಆಯಿಲ್ ಎಷ್ಟು ಸಾವ್ರ ಕಿಲೋಮೀಟ್ರಾಗಿತ್ತು?" ಅಂತ ಮಾತ್ರ ಕೇಳಿದರು. 19 ಸಾವಿರ ಅಂದೆ. ತುಂಬಾ ಹೊತ್ತು ಕಿಟಕಿ ಆಚೆ ನೋಡ್ತಿದ್ದರು.

ಈಗ ಸರಿಯಾದ ಅಡಾಪ್ಟರ್ ಇದೆ, ಟೇಪ್ ಬದಲು ಮರೆಗೆ ಹಚ್ಚೋ ಪೇಸ್ಟ್ ಇದೆ, ಅದೂ ಒಂದು ಚೂರು. ಕೀ ತಿರುಗಿಸಿ, ಮುಳ್ಳುಗಳು ಹೋಗಿ ಬಂದು ಸೊನ್ನೆ ಮುಟ್ಟಿದ ಮೇಲೇ ಸ್ಟಾರ್ಟ್. ಬಿಸಿ ಐಡಲ್‌ನಲ್ಲಿ 1.2 ತೋರಿಸುತ್ತೆ. ಮೊದಲಿನ 1.7ಕ್ಕಿಂತ ಕಮ್ಮಿ. ಪಾಡ್‌ಕಾಸ್ಟ್ ಪೂರ್ತಿ ಬಿಟ್ಟಿಲ್ಲ, ಆದರೆ ಮನೆಯಿಂದ ಹೊರಟ ಮೊದಲ ಹತ್ತು ನಿಮಿಷ ಏನೂ ಹಾಕಲ್ಲ. ಬೂಸ್ಟ್ ಗೇಜ್ ಆಸೆ ಇನ್ನೂ ಹೋಗಿಲ್ಲ. ಕಂಬದಲ್ಲಿ ಮೂರನೇ ತೂತಿಗೆ ಜಾಗ ಇಲ್ಲ ಅನ್ನೋದೇ ಸಮಾಧಾನ.

ಧರ್ಮಸ್ಥಳಕ್ಕೆ ಮೂರು ವಾರ ತಡವಾಗಿ ಹೋದ್ವಿ. ವಾಪಸ್ ಬರುವಾಗ ಗುಂಡ್ಯದಲ್ಲಿ ಟೀ ಕುಡಿದು ಘಾಟಿ ಹತ್ತೋಕೆ ಶುರು ಮಾಡಿದೆ. ಅಪ್ಪ ಪಕ್ಕದ ಸೀಟಿನಲ್ಲಿ. ಅಲ್ಲಿ ಕೂತರೆ ಬಲಗಿವಿ ನನ್ನ ಕಡೆಗಿರುತ್ತೆ. ಒಂದೊಂದು ತಿರುವು ಬಂದಾಗಲೂ ಅವರ ಬಲಗಾಲು ಇಲ್ಲದ ಬ್ರೇಕನ್ನ ಮೆಲ್ಲಗೆ ಒತ್ತುತ್ತಿತ್ತು. ನಾನು ಅವತ್ತು ನಿಂತಿದ್ದ ಜಾಗ ಬಂತು. ತೋರಿಸಲಿಲ್ಲ.

"ಮುಳ್ಳು ಎಷ್ಟರಲ್ಲಿದೆ?" ಅಂದರು, ಕಣ್ಣು ರಸ್ತೆ ಮೇಲೇ.

"ಪ್ರೆಶರ್ ಮೂರೂವರೆ. ಆಯಿಲ್ ನೂರಾ ನಾಲ್ಕು ಡಿಗ್ರಿ."

"ಹೂಂ."

ಮಾರನಹಳ್ಳಿ ಬರೋ ಹೊತ್ತಿಗೆ ಗೊರಕೆ ಕೇಳಿಸಿತು.